ಪ್ರವಾಸಕ್ಕೆ ಮಗನೋ ಮಗಳೋ: ಯಲಬುರ್ಗಾ ತಾಲೂಕಿನ ಒಂದು ಮನೆಯ ಪ್ರಕರಣ

ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ಐದು ಜನ: ಅಜ್ಜಿ, ಅಪ್ಪ, ಅವ್ವ, ಒಂಬತ್ತನೇ ತರಗತಿಯ ಮಗಳು, ಎಂಟನೇ ತರಗತಿಯ ಮಗ. ಇಬ್ಬರೂ ಓದುವುದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ. 2024ರ ನವೆಂಬರ್ ಕೊನೆಗೆ ಶಾಲೆಯಿಂದ ಪ್ರವಾಸದ ಚೀಟಿ ಬಂತು. ಶಿರಸಿ, ಜೋಗ, ಮುರುಡೇಶ್ವರ, ಗೋಕರ್ಣ. ತಲೆಗೆ 1,800 ರೂಪಾಯಿ. ಅಪ್ಪ ಆವತ್ತೇ ತೀರ್ಮಾನ ಕೊಟ್ಟ: ಮಗ ಹೋಗಲಿ, ಮಗಳು ಬೇಡ. ಕೊನೆಗೆ ಆದದ್ದು ಇದರ ಉಲ್ಟಾ. ಮಗಳು ಹೋಗಿಬಂದಳು, ಮಗ ಮನೆಯಲ್ಲೇ ಉಳಿದ. ಪ್ರವಾಸ ಮಾತ್ರ ಬೇರೆ ಊರಿಗೆ ಆಯಿತು.

ನಾನು ಆ ಮನೆಯ ನೆಂಟ. ಅಜ್ಜಿ ನನಗೆ ದೊಡ್ಡವ್ವ ಆಗಬೇಕು. ಬೇರೆ ತಾಲೂಕಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ್ ಆಗಿರುವುದರಿಂದ ಇಂಥ ವಿಷಯಕ್ಕೆ ಮೊದಲ ಫೋನ್ ನನಗೇ ಬರುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವವನೂ ನಾನೇ ಆದ್ದರಿಂದ ಬಸ್ಸಿನ ಆ ಕಡೆಯ ಕಷ್ಟವೂ ಗೊತ್ತು. ಯಾರ ಹೆಸರನ್ನೂ, ಶಾಲೆಯ ಹೆಸರನ್ನೂ ಇಲ್ಲಿ ಹಾಕಿಲ್ಲ.

ದುಡ್ಡಿನ ಮಾತು

ಅಪ್ಪ ಲಾರಿ ಡ್ರೈವರ್. ಕಾರಟಗಿ, ಗಂಗಾವತಿ ಕಡೆಯ ಮಿಲ್ಲುಗಳಿಂದ ಅಕ್ಕಿ ಹೇರಿಕೊಂಡು ಊರೂರು ತಿರುಗುತ್ತಾನೆ. ಅವ್ವ ಇರುವ ಎರಡು ಎಕರೆ ಹೊಲ ನೋಡಿಕೊಂಡು, ಉಳಿದ ದಿನ ಕೂಲಿಗೆ ಹೋಗುತ್ತಾಳೆ. ಡಿಸೆಂಬರ್ ಅಂದರೆ ಹತ್ತಿ ಬಿಡಿಸುವ ಕಾಲ, ಕೈಯಲ್ಲಿ ಒಂದಿಷ್ಟು ದುಡ್ಡು ಓಡಾಡುವ ಕಾಲವೂ ಹೌದು.

ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವುದು ಅಜ್ಜಿಯ ಹೆಸರು. ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುವುದು ಅವಳ ಖಾತೆಗೆ. 2023ರ ಆಗಸ್ಟ್‌ನಲ್ಲಿ ಆ ಯೋಜನೆ ಶುರುವಾಗುವ ಮೊದಲು ಮಕ್ಕಳ ಶಾಲೆಯ ವಿಷಯದಲ್ಲಿ ಅಜ್ಜಿಯನ್ನು ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಈಗ ಕೇಳಲೇಬೇಕು. ಕೇಳದೆ ಇದ್ದರೂ ಅವಳು ಹೇಳುತ್ತಾಳೆ.

ಮಗನ 1,800 ರೂಪಾಯಿ ಕಟ್ಟಿಯಾಗಿತ್ತು. ಮಗಳ ಬಗ್ಗೆ ಅಪ್ಪ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: "ಹುಡುಗ ಹೋಗಿ ಬರ್ಲಿ. ಹುಡುಗಿ ರಾತ್ರಿ ಹೊರಗ ಅಂದ್ರ ಬ್ಯಾಡಣ್ಣ. ನಾಕು ಮಂದಿ ಏನಂತಾರ?" ಅವ್ವನನ್ನು ಕೇಳಿದರೆ, "ಇಬ್ಬರಿಗೂ ಕಟ್ಟಾಕ ರೊಕ್ಕ ಎಲ್ಲೈತ್ರಿ" ಅಂದಳು. ಅಜ್ಜಿಯ ತಕರಾರು ಬೇರೆಯೇ. "ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಐತಲ್ಲೋ ತಮ್ಮಾ, ಸಾಲಿಯವರು ಯಾಕ ರೊಕ್ಕ ಕೇಳ್ತಾರ?"

ಅಜ್ಜಿಯ ಪ್ರಶ್ನೆಗೆ ಉತ್ತರ ಸುಲಭ. ಶಕ್ತಿ ಯೋಜನೆ ಇರುವುದು ದಿನಾ ಓಡುವ ಸಾಮಾನ್ಯ ಬಸ್ಸುಗಳಿಗೆ. ಇಡೀ ಬಸ್ಸನ್ನೇ ಬಾಡಿಗೆಗೆ ಹಿಡಿದಾಗ ಅಲ್ಲಿ ಟಿಕೆಟ್ಟೇ ಇರುವುದಿಲ್ಲ, ಕಿಲೋಮೀಟರ್ ಲೆಕ್ಕದ ಬಾಡಿಗೆ. ಗಂಡುಮಗು ಹೆಣ್ಣುಮಗು ಎಲ್ಲರಿಗೂ ಒಂದೇ ಪಾಲು. ಇದನ್ನು ಶಾಲೆಯವರು ಚೀಟಿಯಲ್ಲೇ ಒಂದು ಸಾಲು ಬರೆದಿದ್ದರೆ ಎಷ್ಟೋ ಮನೆಗಳ ಅನುಮಾನ ಅಲ್ಲಿಗೇ ಮುಗಿಯುತ್ತಿತ್ತು.

ಅಪ್ಪ, ಅವ್ವ ಹೇಳಿದ ಕಾರಣಗಳು ಮಾತ್ರ ಅಷ್ಟು ಸುಲಭದವಲ್ಲ. ಅವ್ವನ ನಿಜವಾದ ಕಾರಣ ನನಗೆ ಗೊತ್ತಾದದ್ದು ನನ್ನ ಹೆಂಡತಿಯಿಂದ. ನಾನು ಅವಳಿಗೆ ಭಾವನ ಸ್ಥಾನದವನು, ನನ್ನ ಮುಂದೆ ಬಾಯಿ ಬಿಟ್ಟು ಹೇಳುವ ಮಾತಲ್ಲ ಅದು. ಹುಡುಗಿ ದೊಡ್ಡವಳಾಗಿ ವರ್ಷ ಆಗಿತ್ತು. ಪ್ರವಾಸದ ತಾರೀಖು, ಅವಳ ತಿಂಗಳ ತಾರೀಖು ಹೆಚ್ಚೂ ಕಡಿಮೆ ಒಂದೇ ಕಡೆ ಬೀಳುತ್ತಿದ್ದವು. ಬಸ್ಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು, ಕರೆದೊಯ್ಯುವವರು ಮೂವರು ಮಾಸ್ತರರು. ದಾರಿಯಲ್ಲಿ ಬಸ್ಸು ನಿಲ್ಲಿಸಿ ಅಂತ ಯಾರನ್ನು ಕೇಳಬೇಕು? ಬಟ್ಟೆಗೆ ಏನಾದರೂ ಆದರೆ? ಅವ್ವ "ರೊಕ್ಕ ಇಲ್ಲ" ಅಂದಿದ್ದು ಇದಕ್ಕೆ. ನಮ್ಮ ಕಡೆ ಹೇಳಲಾಗದ ಕಾರಣಕ್ಕೆಲ್ಲ ರೊಕ್ಕದ ಹೆಸರು ಇಡುತ್ತಾರೆ. ಶಾಲೆಯ ರಿಜಿಸ್ಟರಿನಲ್ಲೂ "ಆರ್ಥಿಕ ತೊಂದರೆ" ಅಂತಲೇ ಬರೆದುಕೊಳ್ಳುತ್ತಾರೆ.

ಹುಡುಗಿಯನ್ನು ಕೇಳಿದೆ. "ಸಮುದ್ರ ನೋಡ್ಬೇಕು ದೊಡ್ಡಪ್ಪ" ಅಂದಳು. ಮತ್ತೇನೂ ಹೇಳಲಿಲ್ಲ.

ಚೀಟಿಯಲ್ಲಿ ಬರೆದದ್ದು

ಮುಂದಿನ ಭಾನುವಾರ ಆ ಮನೆಗೆ ಹೋದಾಗ ಅಪ್ಪ ಚೀಟಿ ತೋರಿಸಿದ. ಮಗಳನ್ನು ಯಾಕೆ ಕಳಿಸುವುದಿಲ್ಲ ಅಂತ ನನಗೆ ಒಪ್ಪಿಸಲು ಅದನ್ನು ತೆಗೆದು ಓದತೊಡಗಿದ್ದ. ಶುಕ್ರವಾರ ರಾತ್ರಿ 9ಕ್ಕೆ ಶಾಲೆ ಬಿಡುವುದು. ಬೆಳಗ್ಗೆ ಶಿರಸಿ, ಮಾರಿಕಾಂಬೆ ದರ್ಶನ, ತಿಂಡಿ. ಮಧ್ಯಾಹ್ನ ಜೋಗ. ಅಲ್ಲಿಂದ ಇಳಿದು ಸಂಜೆ 5:30ಕ್ಕೆ ಮುರುಡೇಶ್ವರ ಬೀಚ್. ರಾತ್ರಿ ಲಾಡ್ಜ್. ಮರುದಿನ ಗೋಕರ್ಣ. ರಾತ್ರಿ ಊಟ ಮಾಡಿ ಹೊರಟು ಸೋಮವಾರ ಬೆಳಗ್ಗೆ ಊರು.

ಓದುತ್ತಾ ಓದುತ್ತಾ ಅವನ ದನಿ ಬದಲಾಯಿತು. ಎರಡು ಸಲ ಮೊದಲಿನಿಂದ ಓದಿದ. "ಅಣ್ಣ, ಇದರಾಗ ಡ್ರೈವರ್ ಮಲಗೂದು ಎಲ್ಲಿ?" ಅಂದ.

ನಿಜ. ಶುಕ್ರವಾರ ರಾತ್ರಿ ಪೂರ್ತಿ ಬಸ್ಸು ಓಡಿಸಿದವನು ಶನಿವಾರ ಹಗಲೂ ಓಡಿಸಬೇಕು. ಜೋಗದಿಂದ ಹೊನ್ನಾವರಕ್ಕೆ ಗೇರುಸೊಪ್ಪ ಘಾಟ್ ಇಳಿಯಬೇಕು. ಒಂದೇ ಒಂದು ರಾತ್ರಿ ನಿದ್ದೆ. ಭಾನುವಾರ ರಾತ್ರಿ ಮತ್ತೆ ಪೂರ್ತಿ ಡ್ರೈವಿಂಗ್. ಎರಡನೇ ಡ್ರೈವರ್ ಇದ್ದಾನೋ ಇಲ್ಲವೋ ಚೀಟಿಯಲ್ಲಿ ಇರಲಿಲ್ಲ. "ರಾತ್ರಿ ಮೂರಕ್ಕ ಕಣ್ಣು ಏನ್ ಮಾಡ್ತಾವು ನನಗ ಗೊತ್ತೈತಿ. ಹಾಡು ಹಚ್ಚಿದ್ರೂ, ಮೆಣಸಿನಕಾಯಿ ಕಡಿದ್ರೂ ನಿದ್ದಿ ನಿಲ್ಲಂಗಿಲ್ಲ. ಬಯಲುಸೀಮಿ ಡ್ರೈವರ್ ಆಗಿದ್ರಂತೂ ಘಾಟಿನ್ಯಾಗ ಬಾಳ ತ್ರಾಸು."

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ ಗಳಿಗೆ. ಅದೇ ಚೀಟಿ ಒಂದು ವಾರದಿಂದ ಅವನ ಜೇಬಿನಲ್ಲಿತ್ತು. ಮಗನ ದುಡ್ಡು ಕಟ್ಟುವಾಗ ಅದನ್ನು ಓದಿರಲಿಲ್ಲ. ಮಗಳಿಗೆ ಬೇಡ ಅನ್ನಲು ಓದಿದ. ಓದಿದ ಮೇಲೆ ಮಗನ ಬಗ್ಗೆ ಭಯ ಹುಟ್ಟಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಚರ್ಚೆ ಆಗುತ್ತಿದ್ದುದು ಮಕ್ಕಳ ಬಗ್ಗೆ: ಇವಳು ಹುಡುಗಿ, ಇವನು ಹುಡುಗ, ಇವಳು ಸೂಕ್ಷ್ಮ, ಇವನು ಗಟ್ಟಿ. ಪ್ರವಾಸ ಹೇಗೆ ನಡೆಯುತ್ತದೆ ಅಂತ ಯಾರೂ ನೋಡಿರಲಿಲ್ಲ.

ಶಿಕ್ಷಣ ಇಲಾಖೆಯ ಸುತ್ತೋಲೆಗಳಲ್ಲಿ ಇದೆಲ್ಲ ಇದೆ. ರಾತ್ರಿ ಪ್ರಯಾಣ ಮಾಡಬಾರದು. ಸರ್ಕಾರಿ ಬಸ್ಸೇ ಆಗಬೇಕು. ಹುಡುಗಿಯರ ಜೊತೆ ಶಿಕ್ಷಕಿ ಇರಬೇಕು. ಮೇಲಧಿಕಾರಿಗಳ ಅನುಮತಿ, ಪೋಷಕರ ಒಪ್ಪಿಗೆ ಪತ್ರ ಬೇಕು. ಡಿಸೆಂಬರ್ ಒಳಗೆ ಮುಗಿಸಬೇಕು. ಆದರೂ ಶಾಲೆಗಳು ರಾತ್ರಿ ಬಸ್ಸು ಹತ್ತಿಸುವುದೇಕೆ? ಕಾರಣ ಕೆಟ್ಟ ಬುದ್ಧಿ ಅಲ್ಲ, ಲೆಕ್ಕ. ಒಂದು ರಾತ್ರಿ ಬಸ್ಸಿನಲ್ಲಿ ಕಳೆದರೆ ಐವತ್ತು ಮಕ್ಕಳ ಲಾಡ್ಜ್ ದುಡ್ಡು ಉಳಿಯುತ್ತದೆ. ಶನಿವಾರ ಭಾನುವಾರದಲ್ಲಿ ನಾಲ್ಕು ಊರು ತೋರಿಸಬಹುದು. ಖಾಸಗಿ ಬಸ್ಸಿನವನು ರಾತ್ರಿ ಓಡಿಸಲು ಒಪ್ಪುತ್ತಾನೆ, ಹಾಡು ಹಾಕುತ್ತಾನೆ, ಬಣ್ಣದ ಲೈಟ್ ಹಾಕುತ್ತಾನೆ. ಮಕ್ಕಳಿಗೂ ಅದೇ ಬೇಕು. ಸಾವಿರದ ಎಂಟುನೂರಕ್ಕೆ ಸಮುದ್ರ ತೋರಿಸಿ ಅಂದರೆ ಎಲ್ಲೋ ಒಂದು ಕಡೆ ಕತ್ತರಿ ಹಾಕಲೇಬೇಕು. ಕತ್ತರಿ ಯಾವಾಗಲೂ ಬೀಳುವುದು ನಿದ್ದೆಯ ಮೇಲೆ.

ಇನ್ನೊಂದು ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಸಂಜೆ 5:30ಕ್ಕೆ ಬೀಚ್. ಡಿಸೆಂಬರ್‌ನಲ್ಲಿ ಕರಾವಳಿಯಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಇಡೀ ದಿನ ಬಸ್ಸಿನಲ್ಲಿ ಕೂತು ಬೇಸತ್ತ ಐವತ್ತು ಮಕ್ಕಳು, ಮೊದಲ ಸಲ ಸಮುದ್ರ ನೋಡುವವರು, ಅರ್ಧ ಗಂಟೆಯ ಬೆಳಕು. ಅಪ್ಪನಿಗೆ ಇದನ್ನು ಹೇಳಿದೆ. ಅವನಿಗೆ ರಸ್ತೆಯ ಮಾತು ತಾಗಿದಷ್ಟು ಇದು ತಾಗಲಿಲ್ಲ. "ನಮ್ಮ ಹುಡುಗಗ ಈಜು ಬರ್ತೈತಣ್ಣ" ಅಂದ.

ಡಿಸೆಂಬರ್ 10

ಆ ಮಂಗಳವಾರ ಸಂಜೆ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರ ನಾಲ್ವರು ಹುಡುಗಿಯರು ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು. ಪ್ರಾಂಶುಪಾಲರು ಅಮಾನತಾದರು, ಶಿಕ್ಷಕರ ಬಂಧನವಾಯಿತು, ಬೀಚನ್ನು ಪ್ರವಾಸಿಗರಿಗೆ ಮುಚ್ಚಿದರು.

ಈ ಊರಿನ ಬಸ್ಸು ಹೊರಡಬೇಕಿದ್ದುದು ಅದೇ ವಾರದ ಶುಕ್ರವಾರ.

ಮಂಗಳವಾರ ರಾತ್ರಿಯಿಂದ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಅದೇ ವಿಡಿಯೋ. ಬುಧವಾರ ಬೆಳಗ್ಗೆ ಶಾಲೆಯ ಮುಂದೆ ಪೋಷಕರು ಸೇರಿದ್ದರು, ದುಡ್ಡು ವಾಪಸ್ ಕೊಡಿ ಅಂತ. ಹೆಡ್‌ಮಾಸ್ತರರು ಪ್ರವಾಸ ರದ್ದು ಅಂದುಬಿಟ್ಟರು. ಅವರ ಮೇಲೆ ಸಿಟ್ಟು ಮಾಡುವುದು ಬೇಡ, ಆ ದಿನ ರಾಜ್ಯದ ಎಷ್ಟೋ ಮಾಸ್ತರರು ಹಾಗೇ ಅಂದಿದ್ದಾರು. ಊರಿನಲ್ಲಿ ಎದ್ದ ಮಾತು ಮಾತ್ರ ನನಗೆ ಹಿಡಿಸಲಿಲ್ಲ. "ಹೆಣ್ಣುಮಕ್ಕಳನ್ನ ಕಳಿಸಿದ್ರ ಹಿಂಗ ಆಗೂದು" ಅಂದರು ಕೆಲವರು. ಸತ್ತವರು ಹುಡುಗಿಯರು ಅನ್ನುವುದು ಅವರಿಗೆ ಕಾರಣದ ಹಾಗೆ ಕಂಡಿತ್ತು.

ಸಮುದ್ರ ಎಳೆಯುವ ರೀತಿ ಬೇರೆ. ದಡಕ್ಕೆ ಬಡಿದ ಅಲೆಯ ನೀರು ಹಿಂದಕ್ಕೆ ಹೋಗಬೇಕಲ್ಲ, ಅದು ಕೆಲವು ಕಡೆ ಒಂದೇ ಜಾಗದಲ್ಲಿ ಕೂಡಿಕೊಂಡು ಕಾಲುವೆಯ ಹಾಗೆ ಒಳಕ್ಕೆ ಹರಿಯುತ್ತದೆ. ಮೇಲಿನಿಂದ ನೋಡಿದರೆ ಆ ಜಾಗದಲ್ಲೇ ಅಲೆ ಕಡಿಮೆ, ನೀರು ಶಾಂತ. ಗೊತ್ತಿಲ್ಲದವರು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ನೇರ ದಡಕ್ಕೆ ಈಜಲು ನೋಡಿದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬಂದು ಆಮೇಲೆ ದಡದ ಕಡೆ ತಿರುಗಬೇಕು. ಬಾವಿಯಲ್ಲಿ ಈಜು ಕಲಿತವನಿಗೆ ಇದು ಗೊತ್ತಿರುವುದಿಲ್ಲ. ಹುಡುಗನಾದರೂ ಅಷ್ಟೇ, ಹುಡುಗಿಯಾದರೂ ಅಷ್ಟೇ.

ಹಾಗೆ ನೋಡಿದರೆ ನೀರಿನ ವಿಷಯದಲ್ಲಿ ಜಾಸ್ತಿ ಹೆದರಬೇಕಾದದ್ದು ಹುಡುಗರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಳುಗಿ ಸಾಯುವವರಲ್ಲಿ ಗಂಡಸರ ಪ್ರಮಾಣ ಹೆಂಗಸರ ಸುಮಾರು ಎರಡರಷ್ಟು. ಕಾರಣವೂ ಗೊತ್ತಿರುವುದೇ. ನೀರು ಕಂಡರೆ ಇಳಿಯುವವರು ಅವರು, ಆಳಕ್ಕೆ ಹೋಗುವವರು ಅವರು, ಗೆಳೆಯರ ಮುಂದೆ ಜಿಗಿಯುವವರೂ ಅವರೇ.

ಈ ಮನೆಯ ಹುಡುಗನೂ ಹಾಗೇ. ಹೊಲದ ಪಕ್ಕ ಯಾರದೋ ಕೃಷಿ ಹೊಂಡ ಇದೆ. ರಜೆ ಬಂತೆಂದರೆ ನಾಲ್ಕು ಜನ ಹುಡುಗರು ಅದರಲ್ಲಿ ಬೀಳುತ್ತಾರೆ. ಕೃಷಿ ಹೊಂಡಕ್ಕೆ ನೀರು ಇಂಗದಿರಲಿ ಅಂತ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಪಾಚಿ ಕಟ್ಟಿದ ಮೇಲೆ ಆ ಹಾಳೆ ಎಷ್ಟು ಜಾರುತ್ತದೆ ಅಂದರೆ, ಈಜು ಬಂದವನೂ ಮೇಲೆ ಹತ್ತಲಾರ. ಹಿಡಿದುಕೊಳ್ಳಲು ಕಲ್ಲಿಲ್ಲ, ಮೆಟ್ಟಿಲಿಲ್ಲ. ಅಲ್ಲಿಗೆ ಹೋಗಲು ಅವನು ಯಾರ ಒಪ್ಪಿಗೆ ಪತ್ರವನ್ನೂ ಕೇಳಿಲ್ಲ, ಯಾರೂ ಬರೆಸಿಕೊಂಡೂ ಇಲ್ಲ. ಇದನ್ನು ನಾನು ಅಪ್ಪನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮಗನನ್ನು ಕರೆದು ಬೈದ. ಬೈದರೆ ಏನು ಪ್ರಯೋಜನ, ಒಂದು ಹಗ್ಗ ಕಟ್ಟಿಸು ಅಂದೆ. ಹೊಂಡದ ದಂಡೆಗೆ ಗೂಟ ಹೊಡೆದು ಗಂಟು ಹಾಕಿದ ಹಗ್ಗ ಇಳಿಬಿಟ್ಟರೆ ಹಿಡಿದು ಮೇಲೆ ಬರಬಹುದು. ಹೊಂಡ ನಮ್ಮದಲ್ಲ ಅಂದ. ಆ ಮಾತು ಅಲ್ಲಿಗೆ ನಿಂತಿತು.

ಹೊಸ ದಾರಿ

ರದ್ದಾದ ಪ್ರವಾಸ ಮತ್ತೆ ಜೀವ ಪಡೆದದ್ದು ಹತ್ತನೇ ತರಗತಿಯ ಮಕ್ಕಳಿಂದ. ಅವರಿಗೆ ಅದೇ ಕೊನೆಯ ವರ್ಷ. ಹೆಡ್‌ಮಾಸ್ತರರು ಪೋಷಕರ ಸಭೆ ಕರೆದರು. ಅಪ್ಪ ಮೊದಲ ಸಲ ಶಾಲೆಯ ಸಭೆಗೆ ಹೋದ. ಹೊಸ ಯೋಜನೆ ಹೀಗಿತ್ತು: ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು. ಶನಿವಾರ ಬೆಳಗ್ಗೆ ಆರಕ್ಕೆ ಹೊರಟು ಗಜೇಂದ್ರಗಡದ ಮೇಲೆ ಬಾದಾಮಿ. ಅಲ್ಲಿಂದ ಪಟ್ಟದಕಲ್ಲು, ಐಹೊಳೆ. ರಾತ್ರಿ ಕೂಡಲಸಂಗಮದಲ್ಲಿ ವಸತಿ, ದಾಸೋಹದ ಊಟ. ಭಾನುವಾರ ಆಲಮಟ್ಟಿ ನೋಡಿ, ಹುನಗುಂದ, ಕುಷ್ಟಗಿ ದಾರಿಯಲ್ಲಿ ಕತ್ತಲಾಗುವುದರೊಳಗೆ ಊರು. ತಲೆಗೆ 1,100.

ಹುಡುಗಿಗೆ ಇದು ಹಿಡಿಸಲೇ ಇಲ್ಲ. ಬನಶಂಕರಿ ಜಾತ್ರೆಗೆ ಹೋದಾಗ ಬಾದಾಮಿ ನೋಡಿದ್ದಳು. "ಅದೇ ಗುಡ್ಡ, ಅದೇ ಮಂಗ್ಯಾ" ಅಂದಳು. ಸಮುದ್ರ ಕೇಳಿದವಳಿಗೆ ಕಲ್ಲು ತೋರಿಸಿದರೆ ಇನ್ನೇನು ಅಂದಾಳು, ಅಲ್ವಾ. ಬಾದಾಮಿಯ ಮೂರನೇ ಗುಹೆ ಕ್ರಿ.ಶ. 578ರದ್ದು, ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ರವಿಕೀರ್ತಿಯ ಶಾಸನ ಇದೆ, ನಿನ್ನ ಪಾಠದಲ್ಲಿ ಬರುವ ಇಮ್ಮಡಿ ಪುಲಕೇಶಿ ಹರ್ಷನನ್ನು ಗೆದ್ದ ಕಥೆ ಅಲ್ಲೇ ಕೊರೆದಿದೆ ಅಂತ ನಾನು ಉತ್ಸಾಹದಿಂದ ಹೇಳಿದೆ. ಮಾಸ್ತರರು ಶುರು ಮಾಡಿದರು ಅನ್ನುವ ಮುಖ ಮಾಡಿದಳು.

ಅಜ್ಜಿ ಮಾತ್ರ ಸರಿಯಾದ ಪ್ರಶ್ನೆ ಕೇಳಿದಳು. "ಸಮುದ್ರ ಬಿಟ್ರಿ, ಚಲೋ ಆತು. ಸಂಗಮದಾಗ ಹೊಳಿ ಇಲ್ಲೇನು?"

ಇದೆ. ಕೃಷ್ಣಾ, ಮಲಪ್ರಭಾ ಎರಡೂ ಅಲ್ಲೇ ಸೇರುತ್ತವೆ. ಅಜ್ಜಿ ಹಲವು ಸಲ ಅಲ್ಲಿ ಮಿಂದು ಬಂದವಳು, ಪಾವಟಿಗೆ ಎಲ್ಲಿ ಜಾರುತ್ತದೆ ಅಂತ ಅವಳಿಗೆ ಗೊತ್ತು. ಬಾದಾಮಿಯಲ್ಲಿ ಅಗಸ್ತ್ಯ ತೀರ್ಥ ಅನ್ನುವ ಕೆರೆ, ಪಟ್ಟದಕಲ್ಲಿನ ಗುಡಿಗಳ ಪಕ್ಕದಲ್ಲೇ ಮಲಪ್ರಭಾ, ಆಲಮಟ್ಟಿಯಲ್ಲಿ ಡ್ಯಾಮು. ಸಭೆಯಲ್ಲಿ ಎಲ್ಲರೂ ಸಮುದ್ರ ತಪ್ಪಿತು ಅಂತ ನೆಮ್ಮದಿಯಾಗಿದ್ದರು. ಹೊಸ ದಾರಿಯ ತುಂಬಾ ನೀರೇ ಇತ್ತು. ಅಪ್ಪ ಅಜ್ಜಿಯ ಪ್ರಶ್ನೆಯನ್ನು ಹೆಡ್‌ಮಾಸ್ತರರ ಹತ್ತಿರ ತೆಗೆದುಕೊಂಡು ಹೋದ. ಯಾವ ಮಗುವೂ ನೀರಿಗೆ ಇಳಿಯುವುದಿಲ್ಲ, ಸ್ನಾನ ವಸತಿಯಲ್ಲೇ, ಹೊಳೆಯ ಹತ್ತಿರ ಹೋಗುವುದು ಹಗಲಲ್ಲಿ, ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ಇಷ್ಟನ್ನು ಅವರು ಚೀಟಿಯಲ್ಲಿ ಬರೆದು ಕೊಟ್ಟರು. ಬಾಯಿಮಾತಲ್ಲಿ ಹೇಳುವುದಕ್ಕೂ ಬರೆದು ಕೊಡುವುದಕ್ಕೂ ವ್ಯತ್ಯಾಸ ಇದೆ. ಬರೆದು ಕೊಟ್ಟ ಮೇಲೆ ಹತ್ತಕ್ಕೆ ಒಬ್ಬರ ಲೆಕ್ಕಕ್ಕೆ ಜನ ಸಾಲದೆ ಅವರೇ ಇಬ್ಬರು ಪೋಷಕರನ್ನು ಜೊತೆಗೆ ಕರೆದರು.

ಖರ್ಚಿನ ಪಟ್ಟಿಯಲ್ಲಿ ಪ್ರವೇಶ ಶುಲ್ಕ ಅಂತ ಒಂದು ಸಾಲಿತ್ತು. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇದನ್ನು ಹೇಳಿದ ಮೇಲೆ ಆ ಸಾಲು ಹೋಯಿತು, 1,100 ಇದ್ದದ್ದು 1,050 ಆಯಿತು. ದೊಡ್ಡ ಮೊತ್ತವೇನಲ್ಲ. ಆದರೆ ಶಾಲೆಯ ಲೆಕ್ಕ ಕೇಳಬಹುದು, ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ ಅಂತ ಅಪ್ಪನಿಗೆ ಗೊತ್ತಾಯಿತು.

ಅವ್ವನ ಚಿಂತೆಗೆ ದಾರಿ ಸಿಕ್ಕಿದ್ದು ಹಿಂದಿ ಟೀಚರ್‌ರಿಂದ. ಶಾಲೆಗೆ ಇರುವವರು ಅವರೊಬ್ಬರೇ ಶಿಕ್ಷಕಿ. ಮನೆಯಲ್ಲಿ ಚಿಕ್ಕ ಮಗು, ಅದಕ್ಕೇ ಮೊದಲ ಪ್ರವಾಸಕ್ಕೆ ಬರುವುದಿಲ್ಲ ಅಂದಿದ್ದರು. ಒಂದೇ ರಾತ್ರಿ ಅಂದಾಗ ತವರಿನಿಂದ ತಾಯಿಯನ್ನು ಕರೆಸಿಕೊಂಡು ಒಪ್ಪಿದರು. ಅವರು ಹುಡುಗಿಯರನ್ನು ಬೇರೆ ಕೂರಿಸಿ ಮಾತಾಡಿದರು. ಶುಚಿ ಯೋಜನೆಯ ಪ್ಯಾಡುಗಳು ನನ್ನ ಬ್ಯಾಗಿನಲ್ಲೇ ಇರುತ್ತವೆ, ಬಸ್ಸು ನಿಲ್ಲಿಸಬೇಕು ಅನ್ನಿಸಿದರೆ "ಟೀಚರ್, ನೀರು" ಅಂದರೆ ಸಾಕು, ಯಾಕೆ ಅಂತ ಯಾರೂ ಕೇಳುವುದಿಲ್ಲ. ಎರಡು ಜೊತೆ ಬಟ್ಟೆ, ಒಂದು ಕಪ್ಪು ಶಾಲು ತನ್ನಿ. ಇಷ್ಟೇ. ಹುಡುಗಿ ಇದನ್ನು ಅವ್ವನಿಗೆ ಬಂದು ಹೇಳಿದ ದಿನವೇ ರೊಕ್ಕ ಇಲ್ಲ ಅನ್ನುವ ಮಾತು ಆ ಮನೆಯಲ್ಲಿ ನಿಂತುಹೋಯಿತು.

ಒಪ್ಪಿಗೆ ಪತ್ರ

ಪತ್ರದ ಕೊನೆಗೆ ಒಂದು ಸಾಲಿತ್ತು: "ಪ್ರವಾಸದ ವೇಳೆ ಏನೇ ಅನಾಹುತ ಸಂಭವಿಸಿದರೂ ಶಾಲೆಯಾಗಲಿ ಶಿಕ್ಷಕರಾಗಲಿ ಜವಾಬ್ದಾರರಲ್ಲ." ಎಲ್ಲ ಶಾಲೆಗಳ ಪತ್ರದಲ್ಲೂ ಹೆಚ್ಚೂ ಕಡಿಮೆ ಇದೇ ಸಾಲು. ಅಪ್ಪ ಪೆನ್ನು ತೆಗೆದುಕೊಂಡು ಅದರ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದ. ಕೆಳಗೆ ಸಹಿ ಮಾಡಿದ. ಲಾರಿಯ ಲೋಡ್ ಚೀಟಿಯಲ್ಲಿ ಚೀಲದ ಲೆಕ್ಕ ತಪ್ಪಿದ್ದರೆ ಅವನು ಹಾಗೇ ಮಾಡುತ್ತಾನಂತೆ.

ಹೆಡ್‌ಮಾಸ್ತರರು ಪತ್ರ ವಾಪಸ್ ಕಳಿಸಿದರು. ಗೆರೆ ಹೊಡೆದದ್ದು ನಡೆಯುವುದಿಲ್ಲ, ಬೇರೆ ಬರೆದು ಕೊಡಿ ಅಂದರು. ಅಪ್ಪ ಕೊಡಲಿಲ್ಲ. ಎರಡು ದಿನ ಇಬ್ಬರದೂ ಹಟ. ಆಮೇಲೆ ಫೋನು ನನಗೆ.

ಹೆಡ್‌ಮಾಸ್ತರರಿಗೆ ನಾನು ಹೇಳಿದ್ದು ಇಷ್ಟು. ಸರ್, ಆ ಸಾಲು ನಿಮ್ಮನ್ನು ಕಾಯುವುದಿಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ, ಅಪ್ಪ ಅವ್ವನ ಸಹಿ ತೋರಿಸಿದರೆ ಕೇಸು ಮಾಯವಾಗುವುದಿಲ್ಲ. ಆ ಸಾಲಿನಿಂದ ಆಗುವುದು ಒಂದೇ, ಮನೆಯವರಿಗೆ ನಿಮ್ಮ ಮೇಲೆ ಅನುಮಾನ. ಆ ಜಾಗದಲ್ಲಿ ನಿಮಗೆ ಬೇಕಾದದ್ದನ್ನು ಬರೆಸಿಕೊಳ್ಳಿ. ಮಗುವಿಗೆ ಯಾವ ಕಾಯಿಲೆ ಇದೆ, ಯಾವ ಮಾತ್ರೆ ಆಗುವುದಿಲ್ಲ, ಬಸ್ಸಿನಲ್ಲಿ ವಾಂತಿ ಆಗುತ್ತದಾ, ಈಜು ಬರುತ್ತದೆ ಅಂತ ನೀರಿಗೆ ಇಳಿಯುವ ಮಗುವಾ, ರಾತ್ರಿ ಎಷ್ಟೊತ್ತಿಗಾದರೂ ಎತ್ತುವ ಎರಡು ಫೋನ್ ನಂಬರ್. ಅವರು ಮಾಸ್ತರಿಕೆಯಲ್ಲಿ ನನಗಿಂತ ಹಳಬರು, ನನ್ನ ಮಾತು ಅವರಿಗೆ ಇಷ್ಟವಾಗಲಿಲ್ಲ. ಆದರೂ ಮರುದಿನ ಹೊಸ ಪತ್ರ ಹಂಚಿದರು. ಹಳೆಯ ಸಾಲು ಅದರಲ್ಲೂ ಇತ್ತು. ಅದರ ಮೇಲೆ ಈ ಪ್ರಶ್ನೆಗಳೂ ಇದ್ದವು. ಅಪ್ಪ ಗೆರೆ ಹೊಡೆದದ್ದನ್ನು ಕೊನೆಗೆ ಹಾಗೇ ಒಪ್ಪಿಕೊಂಡರು.

ಆ ಪ್ರಶ್ನೆಗಳಿಂದಲೇ ಹುಡುಗನ ಪ್ರವಾಸ ತಪ್ಪಿತು. "ನೀರಿಗೆ ಇಳಿಯುವ ಮಗುವಾ" ಅನ್ನುವಲ್ಲಿ ಮಗನ ಪತ್ರ ತುಂಬುತ್ತಿದ್ದ ಅಪ್ಪನ ಪೆನ್ನು ನಿಂತಿತು. ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ನಿಜ ಬರೆಯಲು ಮರ್ಯಾದೆ ಬಿಡಲಿಲ್ಲ. ಅದೇ ವಾರ ಹುಡುಗ ಮತ್ತೆ ಕೃಷಿ ಹೊಂಡಕ್ಕೆ ಹೋಗಿ ಸಿಕ್ಕಿಬಿದ್ದಿದ್ದ. "ಇವನು ಹೊಳಿ ಕಂಡ್ರ ನಿಲ್ಲಂಗಿಲ್ಲ. ಮಾಸ್ತರಿಗೆ ಯಾಕ ತ್ರಾಸು?" ಅಂತ ಬಿಡಿಸಿಬಿಟ್ಟ.

ಈ ತೀರ್ಮಾನ ನನಗೆ ಒಪ್ಪಿಗೆ ಆಗಲಿಲ್ಲ. ಪತ್ರದಲ್ಲಿ ನಿಜ ಬರೆದು, ಪಿಟಿ ಮಾಸ್ತರರ ಗುಂಪಿಗೆ ಹಾಕಿಸಿ ಕಳಿಸಬಹುದಿತ್ತು. ಹತ್ತು ಮಕ್ಕಳ ಮೇಲೆ ಒಬ್ಬರು ಕಣ್ಣಿಟ್ಟಿರುವ ಜಾಗ ಅವನಿಗೆ ಜಾಸ್ತಿ ಸುರಕ್ಷಿತ. ಮನೆಯಲ್ಲಿ ಬಿಟ್ಟರೆ ಅಪ್ಪ ಲಾರಿಯ ಮೇಲೆ, ಅವ್ವ ಹತ್ತಿ ಹೊಲದಲ್ಲಿ. ಆದರೆ ಅಪ್ಪನ ಲೆಕ್ಕ ಬೇರೆ. ಹೊರಗೆ ಏನಾದರೂ ಆದರೆ ಕಳಿಸಿದವನು ನಾನು ಅನ್ನುವ ನೋವು ಸಾಯುವವರೆಗೂ ಇರುತ್ತದೆ, ಮನೆಯಲ್ಲಿ ಆದರೆ ಅದು ಹಣೆಬರಹ. ಬಾಯಿ ಬಿಟ್ಟು ಹೀಗೆ ಹೇಳಲಿಲ್ಲ, ಆದರೆ ಎಷ್ಟೋ ಅಪ್ಪ ಅವ್ವಂದಿರು ಕಳಿಸುವುದಿಲ್ಲ ಅನ್ನುವುದರ ಹಿಂದೆ ಇದೇ ಇರುತ್ತದೆ.

ಪಕ್ಕದ ಮನೆ

ಮಗಳಿಗೆ ಹ್ಞೂಂ ಅಂದ ಮೇಲೂ ಒಂದು ತೊಡಕು ಉಳಿದಿತ್ತು. ಅವಳ ತರಗತಿಯ ಹುಡುಗಿಯರು ಒಬ್ಬೊಬ್ಬರೇ ಹಿಂದೆ ಸರಿದಿದ್ದರು. ಓಣಿಯ ಮೂರು ಮನೆಯಲ್ಲೂ ಒಂದೇ ಮಾತು: "ಅವರು ಕಳಿಸಿದ್ರ ನಾವೂ ಕಳಿಸ್ತೀವಿ." ಮೂರೂ ಮನೆಯವರು ಒಬ್ಬರ ಬಾಗಿಲನ್ನು ಒಬ್ಬರು ನೋಡುತ್ತಾ ಕೂತಿದ್ದರು. ಗೆಳತಿಯರಿಲ್ಲದೆ ನಾನೂ ಹೋಗುವುದಿಲ್ಲ ಅಂತ ಈ ಹುಡುಗಿಯೂ ಶುರು ಮಾಡಿದಳು.

ಅಜ್ಜಿ ಒಂದು ಸಂಜೆ ಸೆರಗು ಹೊದ್ದುಕೊಂಡು ಹೊರಟಳು. ಮೂರು ಮನೆಗೂ ಹೋಗಿ ಹೇಳಿದ್ದು ಒಂದೇ: ನಮ್ಮ ಹುಡುಗಿಯ ರೊಕ್ಕ ಕಟ್ಟಿ ಆತು. ನಿಜಕ್ಕೂ ಆಗ ಕಟ್ಟಿರಲಿಲ್ಲ. ಗೃಹಲಕ್ಷ್ಮಿ ದುಡ್ಡು ತೆಗೆದು ಕಟ್ಟಿಸಿದ್ದು ಮರುದಿನ ಬೆಳಗ್ಗೆ. ಅಷ್ಟರಲ್ಲಿ ಎರಡು ಮನೆಯವರು ಒಪ್ಪಿದ್ದರು. ಮೂರನೆಯ ಮನೆಯ ಹುಡುಗಿಗೆ ಹತ್ತಿ ಬಿಡಿಸುವ ಕೆಲಸ ಇತ್ತು, ಅವಳು ಬರಲಿಲ್ಲ.

ಹೋಗಿಬಂದ ಮೇಲೆ

ಕ್ರಿಸ್‌ಮಸ್‌ಗೆ ಮೊದಲಿನ ಶನಿವಾರ, ಭಾನುವಾರ ಪ್ರವಾಸ ನಡೆಯಿತು. ಬೆಳಗ್ಗೆ ಎಣ್ಣೆ ತಿಂಡಿ ಬೇಡ, ಮುಂದಿನ ಸೀಟಿನಲ್ಲಿ ಕೂರಿಸಿ ಅಂತ ಪತ್ರದಲ್ಲಿ ಬರೆದಿದ್ದರೂ ಹುಡುಗಿ ಗೆಳತಿಯರ ಜೊತೆ ಹಿಂದೆ ಕೂತು ಗಜೇಂದ್ರಗಡ ದಾಟುವುದರೊಳಗೆ ವಾಂತಿ ಮಾಡಿಕೊಂಡಳು. ಟೀಚರ್ ಮುಂದೆ ಕರೆದು ಕೂರಿಸಿ ನಿಂಬೆಹಣ್ಣು ಕೊಟ್ಟರು. ಬಾದಾಮಿಯಲ್ಲಿ ಮಂಗ ಅವಳ ಕೈಯಿಂದ ಬನ್ ಕಿತ್ತುಕೊಂಡಿತು. ಐಹೊಳೆಯ ಶಾಸನ ನೋಡಿದೆಯಾ ಅಂದೆ. ಮೆಟ್ಟಿಲು ಬಹಳ ಇದ್ದವು ಅಂದಳು. ಕೂಡಲಸಂಗಮದಲ್ಲಿ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲವಂತೆ. ಹದಿನೆಂಟು ಹುಡುಗಿಯರು ಒಂದೇ ಹಾಲಿನಲ್ಲಿ ಮಲಗಿ ಏನು ಮಾತಾಡಿದರು ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವ್ವ ಹೆದರಿದ್ದ ತಾರೀಖು ತಡವಾಗಿ, ಮನೆಗೆ ಬಂದ ಮೇಲೆ ಬಂತು.

ಹುಡುಗ ಶನಿವಾರ ಅಕ್ಕನ ಮೇಲೆ ಸಿಟ್ಟಾಗಿ ಊಟ ಬಿಟ್ಟ. ಭಾನುವಾರ ಕೃಷಿ ಹೊಂಡಕ್ಕೆ ಹೋದ.

ಅವನ ಮೊದಲ ಪ್ರವಾಸದ 1,800 ರೂಪಾಯಿ ಪೂರ್ತಿ ವಾಪಸ್ ಬರಲಿಲ್ಲ. ಖಾಸಗಿ ಬಸ್ಸಿನವನು ಮುಂಗಡ ಮುರಿದುಕೊಂಡ ಅಂತ 300 ಕಡಿಮೆ, ಉಳಿದದ್ದು ಬರಲು ಫೆಬ್ರವರಿ ಆಯಿತು. ಅಜ್ಜಿ ಆ 300ಕ್ಕೆ ರಸೀದಿ ಕೊಡಿ ಅಂತ ಶಾಲೆಗೆ ಹೋಗಿ ಕೇಳಿದ್ದಾಳೆ. ಇನ್ನೂ ಕೊಟ್ಟಿಲ್ಲ.